ರಾಯಚೂರು ಸೀಮೆಯಲ್ಲಿ ನನಗೆ ಬಿಸಿಲು ಕಡಿಮೆಯಾದದ್ದು

ಮೊದಲು ಕಷ್ಟವಾದದ್ದು ನೆಲದಿಂದ ಏಳುವುದು. ರೊಟ್ಟಿ ತಟ್ಟಿ ಮುಗಿಸಿ ಏಳಬೇಕೆಂದರೆ ಮೊಣಕಾಲಿನ ಮೇಲೆ ಒಂದು ಕೈ ಊರಬೇಕಾಯಿತು. ಕೆಲವು ವಾರಗಳಲ್ಲಿ ಒಂದು ಕೈ ಸಾಲದೆ ಎರಡೂ ಬೇಕಾದವು. ಆಮೇಲೆ ಬಾಗಿಲ ಚೌಕಟ್ಟನ್ನು ಹಿಡಿದು ಮೈಯನ್ನು ಎಳೆದುಕೊಳ್ಳತೊಡಗಿದೆ. ನನಗಾಗ ಮೂವತ್ತಮೂರು ವರ್ಷ. ಅತ್ತೆಗೆ ಅರವತ್ತು ದಾಟಿತ್ತು. ಅವರು ಹೂ ಬುಟ್ಟಿ ಎತ್ತಿದಷ್ಟು ಸಲೀಸಾಗಿ ನೆಲದಿಂದೇಳುತ್ತಿದ್ದರು. ನಾನು ಅದನ್ನು ಕಳ್ಳಗಣ್ಣಿನಿಂದ ನೋಡುತ್ತಿದ್ದೆ, ಮಕ್ಕಳು ಇನ್ನೊಬ್ಬರ ಕೈಯಲ್ಲಿರುವ ಸಿಹಿ ನೋಡುವ ಹಾಗೆ.

ನಮ್ಮ ಮನೆ ಸಿಂಧನೂರಿನಲ್ಲಿ. ನಮ್ಮವರದು ಬಸ್‌ಸ್ಟ್ಯಾಂಡಿನ ಹತ್ತಿರ ಟಿವಿ ಅಂಗಡಿ. ಕಾಲುವೆ ನೀರಿನಿಂದ ಭತ್ತ ಬೆಳೆದವರು ಸುಗ್ಗಿ ಮುಗಿಸಿ ಟ್ರ್ಯಾಕ್ಟರ್ ತಂದು ಅಂಗಡಿಯ ಮುಂದೆ ನಿಲ್ಲಿಸುತ್ತಿದ್ದರು. ಹಿಂದಿನ ಡಬ್ಬಿಯಲ್ಲಿ ಹುಲ್ಲು ಹಾಸಿ, ಅದರ ಮೇಲೆ ಟಿವಿ ಕೂರಿಸಿ, ಮನೆಗೆ ಹೊಸ ಸೊಸೆ ಕರೆದುಕೊಂಡು ಹೋದಂತೆ ನಿಧಾನವಾಗಿ ಹೋಗುತ್ತಿದ್ದರು. ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಓಣಿಯ ಮೊದಲ ಟಿವಿ ನಮ್ಮ ಮನೆಗೇ ಬಂತು.

ಆಗ ಅದಕ್ಕೆ ಮಾಳಿಗೆಯ ಮೇಲೊಂದು ಆಂಟೆನಾ ಇತ್ತು. ಗಾಳಿ ಬೀಸಿದರೆ ಅದು ಮುಖ ತಿರುಗಿಸಿಬಿಡುವುದು. ನಮ್ಮವರು ಅಂಗಡಿಯಲ್ಲಿರುತ್ತಿದ್ದರಿಂದ ಕಂಬ ತಿರುಗಿಸುವ ಕೆಲಸ ನನ್ನ ಪಾಲಿಗೆ. ಅತ್ತೆ ಪಡಸಾಲೆಯಲ್ಲಿ ಟಿವಿಯ ಮುಂದೆ ಕೂತಿರುತ್ತಿದ್ದರು.

"ಬಂತೇನ್ರೀ ಅತ್ತಿ?" ನಾನು ಮೇಲಿಂದ ಕೂಗುವೆ.

"ಇಲ್ಲಬೇ, ಚುಕ್ಕಿ ಅದಾವ."

"ಈಗ ಬಂತೇನ್ರೀ?"

"ಒಬ್ಬಾಕಿಗೆ ಎರಡು ಮಾರಿ ಬಂದಾವ. ಜರಾ ಆ ಕಡಿ ಸರಸು."

"ಈಗ?"

"ಬಂತು, ಬಂತು. ಅಲ್ಲೇ ಬಿಡು."

ಅಲ್ಲೇ ಬಿಡು ಅಂದ ಮೇಲೂ ನಾನು ಕೂಡಲೇ ಇಳಿಯುತ್ತಿರಲಿಲ್ಲ. ಒಣಗಲು ಹಾಕಿದ ಮೆಣಸಿನಕಾಯಿಯಲ್ಲಿ ಕೈಯಾಡಿಸುವೆ. ಸಂಡಿಗೆ ತಿರುವಿ ಹಾಕುವೆ. ಗದ್ದೆಗಳ ಆಚೆ ಕಾಲುವೆ ಒಂದು ಬಿಳಿ ಗೆರೆಯ ಹಾಗೆ ಕಾಣುವುದು. ಕೊಕ್ಕರೆಗಳು ಅದರ ಮೇಲೆ ಹಾರಿ ಇಳಿಯುವವು. ಇದನ್ನೆಲ್ಲ ನಾನು ನೋಡುತ್ತಿದ್ದೇನೆ ಎಂಬುದು ಆಗ ನನಗೇ ತಿಳಿದಿರಲಿಲ್ಲ. ಆಂಟೆನಾ ತಿರುಗಿಸಲು ಬಂದಿದ್ದೇನೆ ಎಂದುಕೊಂಡಿದ್ದೆ.

ನಾಲ್ಕೈದು ವರ್ಷ ಕಳೆದು ಕೇಬಲ್ ಬಂತು. ನಮ್ಮವರೇ ಮುಂದೆ ನಿಂತು ಓಣಿಗೆ ತಂತಿ ಎಳೆಸಿದರು. ಚಿತ್ರ ಕನ್ನಡಿಯ ಹಾಗೆ ಸ್ವಚ್ಛ, ಬೆಳಗಿನಿಂದ ಸಂಜೆಯವರೆಗೂ ಏನಾದರೊಂದು. ಆಂಟೆನಾ ಮಾಳಿಗೆಯ ಮೇಲೆ ಸುಮ್ಮನೆ ನಿಂತಿತು, ನಾನು ಹತ್ತುವುದು ತಪ್ಪಿತು. ಪಡುವಣ ಕಿಟಕಿಯ ಬಿಸಿಲು ಟಿವಿಯ ಗಾಜಿನ ಮೇಲೆ ಬಿದ್ದು ನಟಿಯ ಮುಖದ ಬದಲು ನಮ್ಮದೇ ಮುಖಗಳು ಕಾಣುತ್ತಿದ್ದವು. ಅದಕ್ಕೆ ನಮ್ಮವರು ಕಿಟಕಿಗೆ ದಪ್ಪನೆಯ ನೀಲಿ ಬಟ್ಟೆ ಹೊಡೆದರು. ರೈಸ್‌ಮಿಲ್ಲಿನ ಹೊಟ್ಟಿನ ಧೂಳೂ ನಿಂತಿತು. ಸಂಜೆ ಕಟ್ಟೆಯ ಮೇಲೆ ಕೂಡುತ್ತಿದ್ದ ಹೆಂಗಸರೆಲ್ಲ ನಮ್ಮ ಪಡಸಾಲೆಗೆ ಬಂದರು. ಮೊದಲು ಒಬ್ಬರ ಮುಖ ಒಬ್ಬರು ನೋಡಿ ಕೂಡುತ್ತಿದ್ದವರು ಈಗ ಎಲ್ಲರೂ ಒಂದೇ ಕಡೆ ಮುಖ ಮಾಡಿದರು. ಖಾರದ ಪುಡಿ ಅಂಗಡಿಯಿಂದ ಬರತೊಡಗಿತು. ಹೊರಗೆ ಹೋಗಬೇಡವೆಂದು ಯಾರೂ ನನಗೆ ಹೇಳಲಿಲ್ಲ. ಒಳಗೆ ಚೆನ್ನಾಗಿತ್ತು, ಅಷ್ಟೇ.

ಹೀಗೆ ಎರಡು ವರ್ಷ ಕಳೆದ ಮೇಲೆ ಸೊಂಟ ನೋಯತೊಡಗಿತು. ಆಮೇಲೆ ತೊಡೆ, ಪಕ್ಕೆಲುಬು. ಊರಿನ ದವಾಖಾನೆಯಲ್ಲಿ ಒಬ್ಬರು ವಾತ ಎಂದರು, ಇನ್ನೊಬ್ಬರು ನರದ ವೀಕ್ನೆಸ್ ಎಂದು ಗುಲಾಬಿ ಬಣ್ಣದ ಸೂಜಿಮದ್ದು ಕೊಟ್ಟರು. ಅತ್ತೆ ಎಣ್ಣೆ ಕಾಯಿಸಿ ತಿಕ್ಕಿದರು. ಒಂಬತ್ತು ವರ್ಷದ ಮಗಳು ಗೀತಾ ಒಂದು ದಿನ ನನ್ನ ಹಿಂದೆಯೇ ನಡೆಯುತ್ತ, "ಅವ್ವಾ, ನೀ ಬಾತುಕೋಳಿ ನಡದಂಗ ನಡೀತಿ" ಎಂದಳು. ತಮಾಷೆಗೆ ಹೇಳಿದ್ದು. ನಾನೂ ನಕ್ಕೆ. ಆ ಮಧ್ಯಾಹ್ನ ಧಾರಾವಾಹಿಯಲ್ಲಿ ಏನಾಯಿತೆಂದು ಮಾತ್ರ ನನಗೆ ನೆನಪಿಲ್ಲ. ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಇತ್ತು. ಇನ್ನು ಮೇಲೆ ನೆಲದಿಂದ ನಾನಾಗಿ ಏಳುವೆನೋ, ಅಥವಾ ಜೀವ ಇರುವ ತನಕ ಯಾರಾದರೂ ಎತ್ತಬೇಕೋ.

ನನ್ನ ತವರು ಲಿಂಗಸುಗೂರು. ಅಲ್ಲಿಗೆ ವಾರಕ್ಕೊಮ್ಮೆ ಹೊರಗಿನಿಂದ ಎಲುಬಿನ ಡಾಕ್ಟರು ಬರುತ್ತಾರೆಂದು ಅಣ್ಣ ಹೇಳಿ ಕಳಿಸಿದ. ದಸರೆ ಮುಗಿದ ಮೇಲೆ ಅತ್ತೆಯ ಜೊತೆ ಹೋದೆ. ಕಾಯುವ ಕೋಣೆಯಲ್ಲಿ ಕರಿಕಲ್ಲಿನ ಬೆಂಚು. ಎದುರಿಗೆ ಕಪಾಟಿನ ಮೇಲೆ ಅಲ್ಲೂ ಒಂದು ಟಿವಿ, ಕರೆಂಟು ಹೋಗಿ ಕಪ್ಪಾಗಿ ಕೂತಿತ್ತು. ಆದರೂ ನಾವೆಲ್ಲ ಅದರ ಕಡೆಯೇ ಮುಖ ಮಾಡಿ ಕೂತಿದ್ದೆವು. ಗುರುಗುಂಟಾದ ಒಬ್ಬ ಕುರಿಗಾಹಿ ಮಾತ್ರ, ಮುರಿದ ಕೈಗೆ ಬಿದಿರು ಕಟ್ಟಿಸಿಕೊಂಡು ಬಂದವನು, ಒಳಗೆ ಬರದೆ ಹೊಸ್ತಿಲ ಆಚೆ ಬಿಸಿಲಲ್ಲಿ ನಿಂತಿದ್ದ.

"ಒಳಗ ಬಾರಪಾ, ಬಿಸಲಾಗ ಯಾಕ ನಿಂತಿ?" ಎಂದರು ಅತ್ತೆ.

"ಇಲ್ರೀ ಯವ್ವಾ. ಒಳಗ ಕುಂತ್ರ ಎಲುಬಿಗೆ ಥಂಡಿ ಹತ್ತತೈತಿ."

ಎಲ್ಲರೂ ನಕ್ಕರು. ನಾನೂ.

ಡಾಕ್ಟರು ಚಿಕ್ಕ ವಯಸ್ಸಿನವರು, ಮೈಸೂರು ಕಡೆಯ ಮಾತು. ಎಕ್ಸ್‌ರೇ ನೋಡುವ ದೀಪ ಹತ್ತದೆ, ಅವರು ಕಿಟಕಿಗೆ ಹೋಗಿ ನಾವು ಮೊದಲೇ ತೆಗೆಸಿ ತಂದಿದ್ದ ಫಿಲ್ಮನ್ನು ಸೂರ್ಯನ ಬೆಳಕಿಗೆ ಹಿಡಿದರು. ನನ್ನ ಸೊಂಟದ ಎಲುಬು ಬೆಳ್ಳಗೆ, ಅಲ್ಲಲ್ಲಿ ತೆಳುವಾಗಿ, ಹಳೆಯ ಬಟ್ಟೆಯ ಹಾಗೆ ಕಂಡಿತು. ನನ್ನೊಳಗೆ ಇಷ್ಟು ವರ್ಷ ಇದ್ದು ನಾನು ಕಾಣದ ವಸ್ತು ಅದು. ನೋವನ್ನೂ ಮರೆತು ನೋಡಿದೆ.

"ಮೂಳೆ ಮೆತ್ತಗಾಗಿದೆ. ಗಾಬರಿ ಬೇಡ, ಸರಿ ಹೋಗುತ್ತೆ. ಮಾತ್ರೆ ಬರೆದಿದ್ದೀನಿ. ಬಿಸಿಲು ನೋಡ್ಕೊಳ್ಳಿ. ಎರಡು ತಿಂಗಳು ಬಿಟ್ಟು ಬನ್ನಿ," ಎಂದರು. ಅಷ್ಟರಲ್ಲಿ ಮುಂದಿನ ಸರದಿಯ ಕುರಿಗಾಹಿ ಒಳಗೆ ಬಂದಾಗಿತ್ತು.

ಬಸ್ಸಿನಲ್ಲಿ ಅತ್ತೆ ಕೇಳಿದರು, "ಬಿಸಲ ನೋಡ್ಕೋರಿ ಅಂದ್ರಲ್ಲ, ಆ ಚೀಟ್ಯಾಗ ಏನ ಬರದಾರ ನೋಡಬೇ. ನೀ ಕಾನ್ವೆಂಟಿನಾಗ ಕಲಿತಾಕಿ."

ಚೀಟಿ ಬಿಡಿಸಿದೆ. ಮಾತ್ರೆಗಳ ಹೆಸರಿನ ಕೆಳಗೆ ಕೊನೆಯ ಸಾಲಿನಲ್ಲಿ ಎರಡೇ ಪದ. ಸನ್ ಎಕ್ಸ್‌ಪೋಷರ್. ನಮ್ಮ ಸಿಸ್ಟರ್ ಕಲಿಸಿದ ಉಚ್ಚಾರದಲ್ಲಿ ಓದಿದೆ.

"ಅಂದ್ರ?"

"ಬಿಸಿಲಿಗೆ ಮೈ ಒಡ್ಡಿದ್ದು ಅಂತ. ಬಿಸಿಲು ಬಡದು ಆಗೇದ ಅಂತ ಬರದಾರ ಅತ್ತಿ."

ಅತ್ತೆ ಹಣೆಗೆ ಕೈ ಹಚ್ಚಿದರು. "ನಾ ಮೊದ್ಲ ಹೇಳಿದ್ದಿಲ್ಲೇನು? ಮಾಳಿಗಿ ಮ್ಯಾಲ ನಿಂತು ಆ ಕಂಬ ತಿರುವಿ ತಿರುವಿ ಎಲುಬು ಬೆಂದಾವ. ಬೆಂದ ಮ್ಯಾಲ ಮೆತ್ತಗಾಗದ ಏನಾಗ್ತಾವ?"

ಮಾತು ಎಷ್ಟು ಸರಿಯೆನಿಸಿತೆಂದರೆ, ಮಸ್ಕಿ ಬರುವಷ್ಟರಲ್ಲಿ ನಮ್ಮ ಹಿಂದಿನ ಸೀಟಿನವರೂ ತಲೆದೂಗುತ್ತಿದ್ದರು. ಬಿಸಿಲಿಗೆ ಹೆದರಿ ಬದುಕುವ ಸೀಮೆ ನಮ್ಮದು. ಇಲ್ಲಿ ಡಾಕ್ಟರು ಬಿಸಿಲು ನೋಡಿಕೊಳ್ಳಿ ಎಂದರೆ ತಪ್ಪಿಸಿಕೊಳ್ಳಿ ಎಂದಲ್ಲದೆ ಬೇರೆ ಅರ್ಥ ಯಾರಿಗೆ ಹೊಳೆಯಬೇಕು?

ಆಮೇಲಿನ ಎರಡು ತಿಂಗಳು ಮನೆಯವರೆಲ್ಲ ನನ್ನನ್ನು ನೋಡಿಕೊಂಡ ಪ್ರೀತಿಯನ್ನು ಈಗಲೂ ಮರೆತಿಲ್ಲ. ನಮ್ಮವರು ನೀಲಿ ಬಟ್ಟೆಯ ಮೇಲೆ ಇನ್ನೊಂದು ಬಟ್ಟೆ ಹೊಡೆದರು. ಮೂಡಣ ಕಿಟಕಿಯನ್ನೂ ಮುಚ್ಚಿದರು. ಬೇಸರವಾಗದಿರಲೆಂದು ಅಂಗಡಿಯಿಂದ ಇನ್ನೂ ದೊಡ್ಡ ಟಿವಿ ತಂದು ನನ್ನ ಮಂಚದ ಎದುರಿಗೇ ಇಟ್ಟರು. ಅತ್ತೆ ಮಜ್ಜಿಗೆ ಕುಡಿಸಿದರು, ಅಂಗಾಲಿಗೆ ಈರುಳ್ಳಿ ತಿಕ್ಕಿದರು. ಯಾರಾದರೂ ಬಾಗಿಲು ತೆರೆದಿಟ್ಟು ಬಂದರೆ, "ಬಿಸಲ ಬರ್ತದ, ಹಾಕ್ಕೋರಿ" ಎಂದು ಗದರಿಸಿದರು. ಮಾತ್ರೆ ನುಂಗುತ್ತಿದ್ದೆ. ನೋವು ತುಸು ಇಳಿದಂತೆ ಅನಿಸುತ್ತಿತ್ತು, ಕಾಲಿಗೆ ಬಲ ಮಾತ್ರ ಬರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಬಚ್ಚಲಲ್ಲಿ ಮಣೆಯ ಮೇಲೆ ಕೂತು ಸ್ನಾನ ಮುಗಿಸಿದೆ. ಏಳಲು ಹೋದೆ, ಆಗಲಿಲ್ಲ. ಗೋಡೆ ಒದ್ದೆ, ಹಿಡಿಯಲು ಏನೂ ಇಲ್ಲ. ಗೀತಾಳನ್ನು ಕೂಗಿದೆ. ಅತ್ತೆಯನ್ನು ಕೂಗಿದೆ. ಪಡಸಾಲೆಯಲ್ಲಿ ಓಣಿಯ ಅರ್ಧ ಜನ ಕೂತಿದ್ದರು. ಧಾರಾವಾಹಿಯಲ್ಲಿ ಯಾರದೋ ಮದುವೆ, ಶಹನಾಯಿ ಜೋರಾಗಿ ಕೇಳುತ್ತಿತ್ತು. ನನ್ನ ದನಿ ಅದರ ಕೆಳಗೆ ಹೋಯಿತು. ಒದ್ದೆ ಸೀರೆ ಸುತ್ತಿಕೊಂಡು ಕೂತೆ. ಗೋಡೆಯ ಆಚೆಯಿಂದ ಇಡೀ ಮದುವೆ ಕೇಳಿದೆ. ಮಂತ್ರ, ಅಳು, ಅಕ್ಕಿಕಾಳು, ಎಲ್ಲ.

ಆಗ ಎಡಗಾಲಿನ ಹೆಬ್ಬೆರಳು ಬೆಚ್ಚಗಾಯಿತು.

ನೋಡಿದರೆ, ಬಚ್ಚಲ ಗೋಡೆಯ ಮೇಲ್ಗಡೆ ಹೊಗೆ ಹೋಗಲೆಂದು ಬಿಟ್ಟಿದ್ದ ಕಿಂಡಿಯಿಂದ ಅಂಗೈಯಗಲದ ಬಿಸಿಲು ಬಂದು ನನ್ನ ಕಾಲ ಮೇಲೆ ಕೂತಿತ್ತು. ಅದರೊಳಗೆ ಹಂಡೆಯ ಉಗಿ ಸುತ್ತುತ್ತಿತ್ತು. ಬಿಸಿಲು ನಿಂತಲ್ಲಿ ನಿಲ್ಲುವುದಿಲ್ಲ ಎಂಬುದನ್ನು ನಾನು ಮರೆತೇಬಿಟ್ಟಿದ್ದೆ. ಅದು ಹೆಬ್ಬೆರಳಿನಿಂದ ಕಾಲುಂಗುರಕ್ಕೆ, ಅಲ್ಲಿಂದ ಪಾದದ ಮೇಲಕ್ಕೆ, ಯಾರೋ ತಿಳಿದವರು ಕೈಯಾಡಿಸಿ ಎಲ್ಲಿ ನೋವೆಂದು ಹುಡುಕುವ ಹಾಗೆ ಸರಿಯಿತು. ಬಿಸಿಲಿನಿಂದ ಬಂದ ರೋಗವೆಂದು ನಂಬಿದ್ದವಳು ನಾನು, ಹೆದರಿ ಕಾಲು ಎಳೆದುಕೊಳ್ಳಬೇಕಿತ್ತು. ಎಳೆದುಕೊಳ್ಳಲಿಲ್ಲ. ಕಾಲನ್ನು ಇನ್ನಷ್ಟು ಮುಂದೆ ಚಾಚಿದೆ. ಅದು ಹಿಮ್ಮಡಿಯ ಗಂಟಿಗೆ ಬರುವಷ್ಟರಲ್ಲಿ ಜಾಹೀರಾತು ಹತ್ತಿತು. ನೀರು ಕುಡಿಯಲು ಎದ್ದ ಗೀತಾಳಿಗೆ ನನ್ನ ದನಿ ಕೇಳಿಸಿತು.

ಅವಳು ಅತ್ತೆಯನ್ನು ಕರೆತಂದಳು, ಇಬ್ಬರೂ ಸೇರಿ ನನ್ನನ್ನು ಎತ್ತಿದರು. ಅತ್ತೆ ನನ್ನ ಸೀರೆಯ ನೆರಿಗೆ ಹಿಡಿಯುತ್ತ, ಮುಖ ಆ ಕಡೆ ತಿರುಗಿಸಿ ಅತ್ತರು. "ನಾ ಅಲ್ಲೇ ಕುಂತಿದ್ನೆವ್ವಾ. ಅಲ್ಲೇ ಕುಂತಿದ್ದೆ," ಎಂದಷ್ಟೇ ಎಂದರು.

ಆ ವಾರವೇ ಲಿಂಗಸುಗೂರಿಗೆ ಹೋದೆವು. ಡಾಕ್ಟರು ನನ್ನನ್ನು ಕುರ್ಚಿಯಿಂದ ಏಳಿಸಿ, ಕೂರಿಸಿ, ಮತ್ತೆ ಏಳಿಸಿದರು.

"ಬಿಸಿಲಲ್ಲಿ ಕೂತ್ಕೋತಿದ್ದೀರಾ?"

ಅತ್ತೆ ಮುಂದೆ ಬಂದು ಹೆಮ್ಮೆಯಿಂದ ಹೇಳಿದರು, "ಇಲ್ರೀ ಸಾಹೇಬ್ರ. ಎರಡು ತಿಂಗಳಾತು, ಒಂದು ಹನಿ ಬಿಸಲು ಬೀಳಗೊಟ್ಟಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಮ್ಮಾ, ಇವರಿಗೆ ಬಿಸಿಲು ಸಾಲದೆ ಬಂದಿರೋದು ಇದು."

ಅತ್ತೆ ಅದನ್ನು ತಮಾಷೆ ಎಂದುಕೊಂಡರು. "ರಾಯಚೂರ ಜಿಲ್ಲಾದಾಗ್ರೀ?" ಎಂದು ನಕ್ಕರು. ಬಾಗಿಲಲ್ಲಿ ಸರದಿ ಕಾಯುತ್ತಿದ್ದವರೂ ನಕ್ಕರು. "ನಮ್ಮಲ್ಲಿಂದು ಜರಾ ಒಯ್ಯಿರಿ ಸಾಹೇಬ್ರ, ಮೈಸೂರಿಗೆ ಹಂಚ್ರಿ," ಎಂದ ಒಬ್ಬ. ಡಾಕ್ಟರು ನಗಲಿಲ್ಲ. ನನ್ನ ಕಡೆ ತಿರುಗಿ, ದಿನವಿಡೀ ಎಲ್ಲಿರುತ್ತೀರಿ ಎಂದು ಕೇಳಿದರು.

"ಮನ್ಯಾಗ."

"ಮನೇಲಿ ಎಲ್ಲಿ?"

"ಟಿವಿ ಮುಂದ."

ಅವರು ಬೈಯಲಿಲ್ಲ. ಅದು ನನಗೆ ಸಿಕ್ಕ ದೊಡ್ಡ ಉಪಕಾರ. ಒಂದು ಸೂಜಿ ಕೊಟ್ಟರು, ಮಾತ್ರೆ ಬದಲಿಸಿದರು. ಹಳೆಯ ಚೀಟಿಯಲ್ಲಿ ಆ ಎರಡು ಪದಗಳ ಕೆಳಗೆ ಗೆರೆ ಎಳೆದು, "ಗಾಜಿನ ಹಿಂದೆ ಅಲ್ಲ, ಬಯಲಲ್ಲಿ. ದಿನಾ," ಎಂದರು. ಪದಗಳು ಅವೇ ಇದ್ದವು. ರೋಗದ ಕಾರಣವೆಂದು ನಾನು ಓದಿದ್ದು ಔಷಧಿಯ ಹೆಸರು. ಕಾನ್ವೆಂಟಿನಲ್ಲಿ ಅರ್ಥ ಗೊತ್ತಿಲ್ಲದೆ ಗೊತ್ತಿದ್ದವರ ಹಾಗೆ ಓದಿದರೆ ಸಿಸ್ಟರ್ ಬೆರಳ ಗೆಣ್ಣಿಗೆ ಸ್ಕೇಲಿನಿಂದ ಮೆಲ್ಲಗೆ ತಟ್ಟುತ್ತಿದ್ದರು. ಕುರ್ಚಿಯಲ್ಲಿ ಕೂತು ನನ್ನ ಬೆರಳುಗಳನ್ನು ನಾನೇ ಸವರಿಕೊಂಡೆ.

ಸಿಂಧನೂರಿನ ಮನೆಗೆ ಅಂಗಳವಿಲ್ಲ, ಮಾಳಿಗೆ ಹತ್ತುವ ಶಕ್ತಿ ನನಗಿಲ್ಲ. ದಾರಿಯಲ್ಲೇ ಮಸ್ಕಿಯಲ್ಲಿ ನನ್ನ ಚಿಗವ್ವನ ಮನೆ, ಗುಡ್ಡದ ಬುಡದಲ್ಲಿ. ಅತ್ತೆ ನನ್ನನ್ನು ಅಲ್ಲಿ ಇಳಿಸಿ ಹೋದರು. ಚಿಗವ್ವ ನಮ್ಮ ಅವ್ವನ ತಂಗಿ, ಒಂಟಿ ಹೆಂಗಸು, ಎರಡು ಎಮ್ಮೆ ಸಾಕಿಕೊಂಡವಳು. ಅವಳ ಮನೆಯಲ್ಲಿ ಟಿವಿ ಇರಲಿಲ್ಲ. ಬೆಳಿಗ್ಗೆ ನನ್ನನ್ನು ಹಿತ್ತಲ ಬಂಡೆಯ ಮೇಲೆ ಕೂರಿಸಿ, ತೋಳಿನ ಸೆರಗು ಸರಿಸಿ, "ಕುಂದ್ರು. ಮೈ ಕಾಯಲಿ," ಎಂದಳು.

ಮೊದಲ ದಿನಗಳಲ್ಲಿ ಕಣ್ಣಲ್ಲಿ ನೀರು ಸುರಿಯಿತು. ಎಲ್ಲರೆದುರು ಬಟ್ಟೆ ಜಾರಿದಂತೆ ನಾಚಿಕೆಯಾಯಿತು. ಧಾರಾವಾಹಿಯ ಹೊತ್ತಿಗೆ ಮೈಯೆಲ್ಲ ಚಡಪಡಿಸಿತು.

"ಇಲ್ಲಿ ನೋಡಾಕ ಏನೂ ಇಲ್ಲಲ್ಲ ಚಿಗವ್ವ."

"ಜರಾ ತಡಿ. ಈಗ ಸುರು ಆಕ್ಕೈತಿ."

ಸ್ವಲ್ಪ ಹೊತ್ತಿಗೆ ಎದುರಿನ ಕಲ್ಲಿನ ಮೇಲೆ ಒಂದು ಓತಿಕೇತ ಹತ್ತಿ ಕೂತು, ಕತ್ತು ಮೇಲೆ ಕೆಳಗೆ ಆಡಿಸತೊಡಗಿತು.

"ಅಕಾ ನೋಡು, ನಿನ್ನ ಧಾರಾವಾಹಿ ಬಂತು. ಇವ ಹೀರೋ. ದಿನಾ ಬರ್ತಾನ, ಹೂಂ ಹೂಂ ಅಂತಾನ, ಕೆಲಸ ಒಂದೂ ಮಾಡಂಗಿಲ್ಲ."

ನಗುವಾಗ ಪಕ್ಕೆಲುಬು ನೋಯಿತು. ಆದರೂ ಮರುದಿನ ಅದು ಬರುವ ಮೊದಲೇ ನಾನು ಬಂಡೆಯ ಮೇಲಿದ್ದೆ. ಅದು ಅದೇ ಹೊತ್ತಿಗೆ, ಅದೇ ಕಲ್ಲಿಗೆ ಬಂತು. ಬಿಸಿಲು ಏರಿದ ಹಾಗೆ ಅದರ ಕತ್ತು ಕೆಂಪಾಗುವುದನ್ನು ಕಂಡೆ. ಗುಡ್ಡದ ಬಂಡೆಗಳು ಬೆಳಿಗ್ಗೆ ಬೂದಿಯ ಬಣ್ಣ, ಹತ್ತು ಗಂಟೆಗೆ ಹುರಿದ ಗೋಧಿಯ ಬಣ್ಣ, ಸಂಜೆ ಒಳಗೆ ಕೆಂಡವಿಟ್ಟ ಹಾಗೆ. ಒಮ್ಮೆ ಹದ್ದೊಂದು ಮೇಲೆ ಹೋಯಿತು. ನಾನು ಹದ್ದನ್ನು ನೋಡಲಿಲ್ಲ. ಅದರ ನೆರಳು ಬಂಡೆಯ ಮೇಲೆ ಹರಿದು ಬಂದು, ನನ್ನ ಮಡಿಲನ್ನು ದಾಟಿ, ಎಮ್ಮೆಯ ಬೆನ್ನ ಮೇಲಿಂದ ಹೋಯಿತು. ನನ್ನನ್ನು ಅಷ್ಟು ದೊಡ್ಡದೊಂದು ಮುಟ್ಟಿ ಹೋಯಿತೆಂದು ಬಹಳ ಹೊತ್ತು ಉಸಿರು ಬಿಗಿಹಿಡಿದು ಕೂತಿದ್ದೆ.

ಅದೇ ಗುಡ್ಡದಲ್ಲಿ ಅಶೋಕನ ಕಾಲದ ಅಕ್ಷರ ಕೆತ್ತಿದ ಬಂಡೆಯಿದೆ. ಶಾಲೆಯಲ್ಲಿ ಅದರ ಬಗ್ಗೆ ಉತ್ತರ ಬರೆದು ಅಂಕ ಪಡೆದಿದ್ದೆ. ಚಿಗವ್ವ ಸಗಣಿ ತಟ್ಟುತ್ತ ಹೇಳಿದಳು, "ಅದನ್ನ ಬರದಾವನೂ ಬಿಸಲಾಗ ಕುಂತ ಬರದಾನವ್ವಾ. ಅವಗೇನು ಎಲುಬು ಮೆತ್ತಗಾಗಿದ್ದುವೇನು?"

ಎಳ್ಳಮಾವಾಸ್ಯೆಗೆ ಅವಳ ಹೊಲಕ್ಕೆ ಬಂಡಿಯಲ್ಲಿ ಹೋಗಿ, ಜೋಳದ ನಡುವೆ ಕೂತು ಉಂಡೆವು. ಆ ದಿನ ಏಳಲು ಬಂಡಿಯ ಚಕ್ರ ಹಿಡಿದೆ. ಸಂಕ್ರಾಂತಿ ಕಳೆದ ಮೇಲೆ ಎರಡು ಕೈ ಊರಿ ಎದ್ದೆ. ಶಿವರಾತ್ರಿಗೆ ಒಂದು ಕೈ ಸಾಕಾಯಿತು. ಎಷ್ಟೋ ದೂರದಿಂದ ಬಂದು, ಚರ್ಮ ದಾಟಿ, ನನ್ನ ಎಲುಬಿನ ತನಕ ಹೋಗಿ ಕೆಲಸ ಮಾಡಿ, ಯಾರಿಗೂ ಹೇಳದೆ ಸಂಜೆ ಹೊರಟು ಹೋಗುತ್ತಿತ್ತು ಬಿಸಿಲು. ಮಾತ್ರೆಯ ಪಾಲು ಎಷ್ಟು, ಸೂಜಿಯ ಪಾಲು ಎಷ್ಟು ಎಂದು ನನಗೆ ತಿಳಿಯದು. ನಾನು ಕಣ್ಣಾರೆ ಕಂಡದ್ದು ಇದನ್ನು.

ನಮ್ಮವರು ಭಾನುವಾರಗಳಲ್ಲಿ ಗೀತಾಳನ್ನು ಕರೆದುಕೊಂಡು ಬರುತ್ತಿದ್ದರು. ತಲೆಯ ಮೇಲೆ ಕರವಸ್ತ್ರ ಹಾಕಿಕೊಂಡು ನನ್ನ ಪಕ್ಕದಲ್ಲಿ ಬಂಡೆಯ ಮೇಲೆ ಕೂಡುತ್ತಿದ್ದರು. ಒಂದು ಸಲ ಕೇಳಿದರು, "ನಾ ತಂದ ಟಿವಿಯಿಂದನ ಆತೇನಿದು?"

"ಅದೇನ್ ಮಾಡ್ತದ್ರೀ? ಬಾಗಿಲಾ ತೆರದ ಇತ್ತು, ನಾನ ಎದ್ದು ಹೋಗಲಿಲ್ಲ."

ಅವರು ಗುಡ್ಡ ನೋಡಿದರು. "ನಮ್ಮ ಮಾಳಿಗಿಗೆ ಪಾವಟಿಗಿ ಎಷ್ಟು ಅದಾವ?"

"ಹದಿನಾಲ್ಕು."

ಅವರು ಬೆರಳು ಮಡಚಿ ಮೆಟ್ಟಿಲುಗಳ ಲೆಕ್ಕ ಹಾಕಿದರು.

ಯುಗಾದಿಯ ಹೊತ್ತಿಗೆ ಮನೆಗೆ ಬಂದಾಗ ಕಿಟಕಿಯ ಬಟ್ಟೆಗಳು ಇರಲಿಲ್ಲ. ಮೊಳೆ ಹೊಡೆದ ತೂತುಗಳಷ್ಟೇ ಇದ್ದವು. ಟಿವಿ ಬಿಸಿಲು ಬೀಳದ ಗೋಡೆಗೆ ಹೋಗಿತ್ತು. ಅತ್ತೆ ನೋಡುತ್ತಲೇ ಇದ್ದರು, ನಾನೂ ಕೂತು ಒಂದು ಧಾರಾವಾಹಿ ನೋಡಿದೆ, ಈಗಲೂ ನೋಡುತ್ತೇನೆ. ಹೊಸದೆಂದರೆ, ಮಾಳಿಗೆಯ ಮೆಟ್ಟಿಲಿಗೆ ಕೆಳಗಿನಿಂದ ಮೇಲಿನವರೆಗೂ ಹಿಡಿಕೆ ಬಂದಿತ್ತು. ಮುಟ್ಟಿದೆ. ಗುರುತಿನ ಕಬ್ಬಿಣ. ಕೇಬಲ್ ಬಂದ ಮೇಲೆ ಜನ ಅಂಗಡಿಗೆ ಮರಳಿಸಿದ್ದ ಆಂಟೆನಾ ಕಂಬಗಳನ್ನು ಜೋಡಿಸಿ ಮಾಡಿಸಿದ್ದರು.

ಇದನ್ನು ಓದುವವರಲ್ಲಿ ಯಾರಾದರೂ ಒದ್ದೆ ಗೋಡೆಗೆ ಕೈಯೂರಿ, ಆಚೆ ನಗುವ ದನಿಗಳನ್ನು ಕೇಳುತ್ತ ಕೂತಿದ್ದರೆ, ನಾಚಿಕೆಪಡಬೇಡಿ ಎಂದು ಹೇಳಲೆಂದೇ ಬಚ್ಚಲ ಮಾತನ್ನು ಮುಚ್ಚಿಡದೆ ಬರೆದೆ. ಚೀಟಿಯಲ್ಲಿ ಬರೆದದ್ದು ಅರ್ಥವಾಗದಿದ್ದರೆ ಮರಳಿ ಹೋಗಿ ಕೇಳಿ. ಇಂಗ್ಲಿಷ್ ಬರುವವರು ಎರಡು ಸಲ ಕೇಳಿ.

ಹದಿನಾಲ್ಕು ಮೆಟ್ಟಿಲನ್ನು ಹಿಡಿಕೆ ಹಿಡಿದು ಒಂದೊಂದಾಗಿ ಹತ್ತಿದೆ. ಗೀತಾ ಹಿಂದೆ ಬರಲು ಹೋದಾಗ ನಮ್ಮವರು ಅವಳ ಭುಜ ಹಿಡಿದು ನಿಲ್ಲಿಸಿಕೊಂಡರು. ಮಾಳಿಗೆಯ ಮೇಲೆ ನಮ್ಮ ಹಳೆಯ ಆಂಟೆನಾ ಒಂದು ಕಡೆ ವಾಲಿ ನಿಂತಿತ್ತು. ಅದರ ತುದಿಯಲ್ಲಿ ಕವಲು ಬಾಲದ ಕರಿಹಕ್ಕಿಯೊಂದು ಕೂತಿತ್ತು. ಅದರಾಚೆಗೆ ಎರಡನೇ ಬೆಳೆಯ ಭತ್ತ, ಕಣ್ಣು ಹೋದಷ್ಟು ದೂರ ಹಸಿರು, ಹಸಿರಿನ ತುದಿಯಲ್ಲಿ ಕಾಲುವೆಯ ಬಿಳಿ ಗೆರೆ. ಇವೆಲ್ಲ ಇಲ್ಲೇ ಇದ್ದವು. ನಾನು ಕತ್ತಲಲ್ಲಿ ಮಲಗಿದ್ದ ಅಷ್ಟೂ ದಿನ, ನನ್ನ ತಲೆಯ ಮೇಲೆ, ಹದಿನಾಲ್ಕು ಮೆಟ್ಟಿಲಿನಾಚೆ.

ಬಿಸಿಲಿಗೆ ಕಾದ ನೆಲದ ಮೇಲೆ ಬೇಕೆಂದೇ ಚಕ್ಕಳಮಕ್ಕಳ ಹಾಕಿ ಕೂತೆ. ಹತ್ತಿರ ಗೋಡೆಯಿಲ್ಲ, ಚೌಕಟ್ಟಿಲ್ಲ. ಕೆಳಗೆ ಟಿವಿಯ ಸದ್ದು ನಿಂತಿತು. ಯಾರೋ ಆರಿಸಿದ್ದರು. ಎಲ್ಲರೂ ಮೆಟ್ಟಿಲ ಬುಡದಲ್ಲಿ ಕಿವಿಗೊಟ್ಟು ನಿಂತಿದ್ದಾರೆಂದು ತಿಳಿಯಿತು. ಕೈಗಳೆರಡನ್ನೂ ಎದೆಗೆ ಕಟ್ಟಿಕೊಂಡೆ. ಕಾಲು ಮಡಿಸಿ, ಮುಂದಕ್ಕೆ ಬಾಗಿ, ತೊಡೆಗೆ ಭಾರ ಕೊಟ್ಟೆ. ತೊಡೆ ನಡುಗಿತು, ನಿಂತಿತು, ಮತ್ತೆ ನಡುಗಿತು. ಹಕ್ಕಿ ಹಾರಿಹೋಯಿತು. ಆಂಟೆನಾ ಅಲುಗಾಡುತ್ತಿತ್ತು. ಅದರ ಪಕ್ಕ ನಾನು ನಿಂತಿದ್ದೆ.

ಕೆಳಗಿನಿಂದ ನಮ್ಮವರ ದನಿ, ಸ್ವಲ್ಪ ಹೆದರಿದ ದನಿ.

"ಬಂತೇನು?"

"ಬಂತ್ರೀ."

"ಚುಕ್ಕಿ ಅದಾವೇನು?"

"ಒಂದೂ ಇಲ್ಲ. ಸ್ವಚ್ಛ ಬಂದೈತಿ."

ಆಮೇಲೆ ಅತ್ತೆಯ ದನಿ, ಮೂಗು ಒರೆಸಿಕೊಂಡಂತಿತ್ತು.

"ಹಂಗಾರ ಅಲ್ಲೇ ಬಿಡು."